ಬೆರಳಿಗೆ ತುದಿ ಸಿಗಬೇಕು

ಬೆಳಕು ಹರಿಯುವ ಹೊತ್ತು. ಅಂಧ ಮಕ್ಕಳ ಶಾಲೆಯ ಹಿಂಬದಿಯಲ್ಲಿರುವ ಮುದ್ರಣದ ಕೋಣೆಯ ಬೀಗ ತೆಗೆದು, ದೀಪ ಹಾಕಿ, ಗೆರೆಯಕ್ಕ ಮೊದಲು ಮಾಡುವ ಕೆಲಸವೆಂದರೆ ಮೌಸನ್ನು ಎಡಗಡೆಯಿಂದ ಎತ್ತಿ ಬಲಗಡೆಗೆ ಇಡುವುದು. ಅಲ್ಲಿರುವ ಒಂದೇ ಕಂಪ್ಯೂಟರಿಗೆ ಇಬ್ಬರು ವಾರಸುದಾರರು. ಕಚೇರಿ ತೆರೆದ ಮೇಲೆ ಅದು ಲೆಕ್ಕದ ಗುಮಾಸ್ತರ ಪಾಲು, ಅವರು ಎಡಗೈಯವರು. ಅಲ್ಲಿಯವರೆಗೆ ಗೆರೆಯಕ್ಕನ ಪಾಲು. ಹಾಗಾಗಿ ಓಣಿಯ ಹಾಲಿನವನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಅಕ್ಕ ಕುರ್ಚಿ ಎಳೆದುಕೊಂಡು ಕೂತಾಗಿರುತ್ತದೆ.

ಪರದೆಯ ಮೇಲೆ ಪಠ್ಯಪುಸ್ತಕದ ನಕಾಶೆಯೊಂದು ಮಸುಕಾಗಿ ಮಲಗಿದೆ. ಬೆಟ್ಟಸಾಲು, ಅದರ ಕೆಳಗೆ ಬಯಲು, ಅಂಚಿನಲ್ಲಿ ಸಮುದ್ರ. ಅಕ್ಕ ಚಿತ್ರ ತಿದ್ದುವ ತಂತ್ರಾಂಶದ ಪೆನ್ನು ಹಿಡಿದು ಬೆಟ್ಟದ ತಲೆಯ ಮೇಲೊಂದು ಚುಕ್ಕಿ ಇಡುತ್ತಾರೆ. ಸ್ವಲ್ಪ ಕೆಳಗೆ ಇನ್ನೊಂದು. ಆ ಎರಡನೆಯದನ್ನು ಒತ್ತಿ ಹಿಡಿದು ಎಳೆದರೆ ನಡುವಿನ ಗೆರೆ ನದಿಯ ಹಾಗೆ ಬಾಗುತ್ತದೆ. ಚುಕ್ಕಿ, ಬಾಗು, ಚುಕ್ಕಿ, ಬಾಗು, ಹೀಗೇ ಸಮುದ್ರದವರೆಗೆ. ಅಲ್ಲಿ ನಿಂತು, ಒಂದು ಕೀಲಿ ಒತ್ತಿ, ತಮಗೆ ತಾವೇ ಹೇಳಿಕೊಂಡಂತೆ "ತುದಿ ಬಿಟ್ಟೆ" ಎನ್ನುತ್ತಾರೆ. ಕೇಳುವವರು ಇರಲಿ ಇಲ್ಲದಿರಲಿ, ಪ್ರತಿ ಗೆರೆಗೂ ಈ ಒಂದು ಮಾತು ಇದ್ದೇ ಇದೆ.

ಇಷ್ಟೆಲ್ಲ ಮಾಡಿದರೂ ಪರದೆಯಲ್ಲಿ ಕಾಣುವುದು ಕೂದಲೆಳೆಯಂಥ ಗುರುತು. ಆಗಲೇ ಅಚ್ಚು ಹಾಕಿದರೆ ಬಿಳಿ ಹಾಳೆ ಬಿಳಿಯಾಗಿಯೇ ಹೊರಬರುತ್ತದೆ. ಈ ಗುರುತಿಗೆ ಕಸುಬಿನವರು ಪಾತ್, ಅಂದರೆ ದಾರಿ, ಎನ್ನುತ್ತಾರೆ. "ರಸ್ತೆಗೆ ಗೂಟ ಹೊಡೆದು ದಾರ ಕಟ್ತಾರಲ್ಲ, ಅಷ್ಟೇ ಇದು. ಇನ್ನೂ ಟಾರು ಬಿದ್ದಿಲ್ಲ," ಎಂದು ಅಕ್ಕ ವಿವರಿಸುತ್ತಾರೆ. ಕುಂಚದ ದಪ್ಪ ಆರಿಸಿ, ಈ ದಾರಿಯ ಉದ್ದಕ್ಕೂ ಕಪ್ಪು ಎಳೆ ಎಂದು ಅಪ್ಪಣೆ ಕೊಟ್ಟ ಮೇಲೆಯೇ ನದಿಗೆ ಮೈ ಬರುವುದು. ದಪ್ಪ ಹೆಚ್ಚಾಯಿತೆನಿಸಿದರೆ ಕಪ್ಪನ್ನಷ್ಟೇ ಅಳಿಸಿ ಮತ್ತೆ ಎಳೆಯಬಹುದು. ದಾರಿ ಇದ್ದಲ್ಲೇ ಇರುತ್ತದೆ.

ಅಚ್ಚಾದ ಹಾಳೆ ನೇರವಾಗಿ ಬಿಸಿಯಂತ್ರಕ್ಕೆ ಹೋಗುತ್ತದೆ. ಅದು ಮಾಮೂಲಿ ಹಾಳೆಯಲ್ಲ, ಕಪ್ಪು ಬಿದ್ದ ಕಡೆ ಕಾವು ತಗುಲಿದರೆ ಉಬ್ಬುವ ಹಾಳೆ. ಒಂದು ಕಡೆಯಿಂದ ಚಪ್ಪಟೆಯಾಗಿ ಒಳಹೋದ ನದಿ ಇನ್ನೊಂದು ಕಡೆಯಿಂದ ಮೈ ಉಬ್ಬಿಸಿಕೊಂಡು ಹೊರಬರುತ್ತದೆ. ಆಗ ಕೋಣೆಯ ತುಂಬ ಇಸ್ತ್ರಿ ಹಾಕಿದ ಬಟ್ಟೆಯ ವಾಸನೆ. ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಓದುವ ನಕಾಶೆ, ಹೃದಯದ ಚಿತ್ರ, ವಿದ್ಯುತ್ತಿನ ತಂತಿ ಓಡುವ ಬಗೆ, ಎಲ್ಲವೂ ಈ ಕೋಣೆಯಿಂದಲೇ ಹೋಗುವುದು. ಮಕ್ಕಳೇ ಇಟ್ಟ ಹೆಸರು ಗೆರೆಯಕ್ಕ. ಮನೆಯಲ್ಲಿ ಕರೆಯುವ ಹೆಸರಿಗಿಂತ ಅದಕ್ಕೇ ಬೇಗ ತಿರುಗಿ ನೋಡುತ್ತಾರೆ.

ಓಣಿಯ ಕಡೆಯಿಂದ ಕೋಲಿನ ಟಕಟಕ ಕೇಳಿಸುತ್ತದೆ. ಕೋಲಿಗಿಂತ ಮುಂಚೆ ಮಾತು ಒಳಗೆ ಬರುತ್ತದೆ.

"ಏನಮ್ಮಾ, ಇವತ್ತು ಯಾವ ನದಿಗೆ ಬೀಗ ಹಾಕಿದೀಯ?"

"ಬನ್ನಿ ಅಜ್ಜ, ಬನ್ನಿ. ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ."

ಬಂದವರು ಕರಡು ಓದುವ ಅಜ್ಜ. ಹುಟ್ಟಿನಿಂದ ಕಣ್ಣಿಲ್ಲ. ಈ ಶಾಲೆಯಲ್ಲೇ ಓದಿ, ಇಲ್ಲೇ ಬ್ರೈಲ್ ಪುಸ್ತಕಗಳ ತಪ್ಪು ತಿದ್ದುತ್ತ ಮುದುಕರಾದವರು. ಅಕ್ಕ ಎಳೆದ ಹಾಳೆಯನ್ನು ಅಜ್ಜ ಮುಟ್ಟಿ ಓದಿ, ಮೂಲೆಯಲ್ಲಿ ಮೊಳೆಯಿಂದ ಮೂರು ಚುಕ್ಕಿ ಚುಚ್ಚಿದರೆ ಅದು ತರಗತಿಗೆ ಹೋಗುತ್ತದೆ. ಚುಚ್ಚದಿದ್ದರೆ ಅಕ್ಕನ ಮೇಜಿಗೆ ವಾಪಸ್ಸು.

ಬೀಗದ ಕಥೆ ಹತ್ತು ವರ್ಷ ಹಳೆಯದು. ಅದಕ್ಕೂ ಮುಂಚೆ ಅಕ್ಕ ಇದ್ದದ್ದು ಫೋಟೊ ಸ್ಟುಡಿಯೋದಲ್ಲಿ. ಮದುಮಕ್ಕಳನ್ನು ಹಿಂದಿನ ಗೋಡೆಯಿಂದ ಬಿಡಿಸಿ ಹೂದೋಟದ ಮುಂದೆ ನಿಲ್ಲಿಸುವುದು, ಅಳುವ ಮಗುವಿನ ಪಕ್ಕದಿಂದ ಹಿಡಿದುಕೊಂಡವರ ಕೈ ಮಾಯ ಮಾಡುವುದು ಅವರ ಕೆಲಸ. ಅಲ್ಲಿಯೂ ಇದೇ ಪೆನ್ನು, ಇದೇ ಚುಕ್ಕಿ. ಆದರೆ ಅಲ್ಲಿ ಯಾವ ಗೆರೆಯೂ ಹೊರಟಲ್ಲಿಗೆ ವಾಪಸ್ಸು ಬರಲೇಬೇಕು. ಕಿವಿಯಿಂದ ಹೊರಟು, ಭುಜ ಇಳಿದು, ಸೆರಗು ಸುತ್ತಿ, ಮತ್ತೆ ಅದೇ ಕಿವಿಗೆ ಬಂದು ಮುಚ್ಚಿದರೆ ಮನುಷ್ಯ ಹಿನ್ನೆಲೆಯಿಂದ ಕಳಚಿಕೊಳ್ಳುವುದು. "ಮುಚ್ಚದೇ ಎದ್ದರೆ ನಮ್ಮ ಓನರ್ ಬೈಯೋರು. ಬಾಗಿಲು ಹಾಕದೆ ಎದ್ದು ಹೋಗ್ತೀಯಲ್ಲಮ್ಮಾ ಅಂತ," ಎಂದು ಅಕ್ಕ ನಗುತ್ತಾರೆ. ಎಲ್ಲರ ಕೈಗೂ ಫೋನು ಬಂದ ಮೇಲೆ ಆ ಸ್ಟುಡಿಯೋವೇ ಬಾಗಿಲು ಹಾಕಿತು. ಪರಿಚಯದವರು ಹೇಳಿದರೆಂದು ಈ ಕೋಣೆಗೆ ಬಂದರು.

ಮೊದಲ ವಾರ ದಾರಿ ಹಾಕಿ, ಕಪ್ಪು ಎಳೆಯುವುದನ್ನೇ ಮರೆತು ಅಚ್ಚು ತೆಗೆದು ಅಜ್ಜನ ಕೈಗೆ ಕೊಟ್ಟಿದ್ದರಂತೆ. ಅಜ್ಜ ಖಾಲಿ ಹಾಳೆಯನ್ನು ಹಿಂದೆ ಮುಂದೆ ಸವರಿ, "ಮರುಭೂಮಿ ಬಹಳ ಚೆನ್ನಾಗಿ ಬಂದಿದೆ ಕಣಮ್ಮಾ," ಎಂದರಂತೆ.

ಎರಡನೇ ವಾರದ ತಪ್ಪು ಅಷ್ಟು ಸುಲಭದ್ದಲ್ಲ. ನದಿಯ ನಕಾಶೆ. ಸ್ಟುಡಿಯೋದ ಕೈ ಅಲ್ಲವೇ, ಅಕ್ಕ ನದಿಯನ್ನೂ ಮದುಮಗಳ ಹಾಗೆ ಸುತ್ತುಹಾಕಿ ಬಿಡಿಸಿದರು. ಈ ದಡದ ಗುಂಟ ಸಮುದ್ರಕ್ಕೆ ಇಳಿದು, ಆ ದಡದ ಗುಂಟ ಬೆಟ್ಟಕ್ಕೆ ಹತ್ತಿ, ಹೊರಟ ಚುಕ್ಕಿಗೇ ತಂದು ಮುಚ್ಚಿದರು. ಕಣ್ಣಿಗೆ ಅಂದವಾದ ನದಿ. ಅಜ್ಜನ ಬೆರಳು ಇಳಿಯಿತು, ತಿರುಗಿತು, ಹತ್ತಿತು, ಮತ್ತೆ ಇಳಿಯಿತು.

"ಏನಮ್ಮಾ ಇದು? ಎಷ್ಟು ಹೊತ್ತು ನಡೆದರೂ ಎಲ್ಲಿಂದ ಹೊರಟೆನೋ ಅಲ್ಲಿಗೇ ಬಂದು ನಿಲ್ತೀನಿ. ಸಮುದ್ರ ಎಲ್ಲಿ?"

"ಅಲ್ಲೇ ಕೆಳಗೆ, ತಿರುವಲ್ಲಿ ಇದೆಯಲ್ಲ ಅಜ್ಜ."

"ತಿರುವಲ್ಲಿ ಇರೋದು ತಿರುವು. ನದಿಗೆ ಬೀಗ ಹಾಕಿಬಿಟ್ಟಿದೀಯ ನೀನು. ನಿನ್ನ ಕಣ್ಣಿಗೆ ಇದು ಒಂದೇ ಸಲ ಪೂರ್ತಿ ಕಾಣುತ್ತೆ. ನನ್ನ ಬೆರಳು ಇರುವೆ ಇದ್ದ ಹಾಗೆ, ಗೆರೆ ಹಿಡಿದುಕೊಂಡು ಹೋಗುತ್ತೆ. ಗೆರೆ ಮುಗಿದರೆ ತಾನೇ ಅದಕ್ಕೆ ಊರು ಬಂತು ಅಂತ ಗೊತ್ತಾಗೋದು? ಬೆರಳಿಗೆ ತುದಿ ಸಿಗಬೇಕು."

ಅಂದು ಕಲಿತ ಪಾಠವೇ ಅಕ್ಕನ ಕಸುಬಾಯಿತು. ದೇಶದ ಗಡಿ, ಕೆರೆ, ದ್ವೀಪ ಇಷ್ಟಕ್ಕೆ ಮಾತ್ರ ಮುಚ್ಚಿದ ಗೆರೆ. ನದಿ, ರಸ್ತೆ, ರೈಲು, ನರ, ಬೇರು, ಇವಕ್ಕೆ ತುದಿ ತೆರೆದ ಒಂಟಿ ಗೆರೆ. ನದಿಗೆ ಸಣ್ಣ ಕುಂಚ, ಗಡಿಗೆ ದಪ್ಪ ಕುಂಚ, ರೈಲಿಗೆ ಚುಕ್ಕಿ ಸಾಲು. ಎರಡು ಗೆರೆ ಒಂದನ್ನೊಂದು ದಾಟುವ ಕಡೆ ಒಂದಕ್ಕೆ ಸಂದು ಬಿಡಬೇಕು. ಇಲ್ಲವಾದರೆ ನದಿಯಲ್ಲಿ ಹೋಗುತ್ತಿದ್ದ ಬೆರಳು ರೈಲು ಹತ್ತಿಬಿಡುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಅಂಥ ಮರ್ಯಾದೆಯೇನೂ ಇರಲಿಲ್ಲ. "ಕಣ್ಣಿಲ್ಲದೋರಿಗೆ ಚಿತ್ರ ಬರೆಯೋಕೆ ಹೋಗ್ತಾಳಂತೆ, ಕಿವಿ ಕೇಳದೋರಿಗೆ ಹಾಡು ಹೇಳೋಕೆ ಯಾವಾಗ ಹೊರಡ್ತಾಳೋ," ಎಂದು ಅತ್ತೆ ಬಾಗಿಲಲ್ಲಿ ಕೂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಒಂದು ದಿನ ಅಕ್ಕ ಹಾಳೆಯೊಂದನ್ನು ಮನೆಗೆ ತಂದು, ಅತ್ತೆಯ ಕಣ್ಣು ಮುಚ್ಚಿಸಿ, ಬೆರಳು ಹಿಡಿದು ಅದರ ಮೇಲಿಟ್ಟರು. ಅತ್ತೆ ಸವರಿ ನೋಡಿ, "ಇದೇನೇ, ಕಾಗದಕ್ಕೆ ಬೆವರುಸಾಲೆ ಎದ್ದಿದೆ," ಎಂದರು. ಗೆರೆ ಮುಗಿದ ಕಡೆ ಬೆರಳು ತಾನಾಗಿಯೇ ನಿಂತಿತು. ಕಣ್ಣು ಮುಚ್ಚಿಕೊಂಡೇ ಇನ್ನೊಂದು ಸಲ ಸವರಿದರು. ಹೊಗಳಲಿಲ್ಲ. ಆದರೆ ಅಂದಿನಿಂದ ಬೆಳಗಿನ ಕಾಫಿ ಮಾಡಿ ಫ್ಲಾಸ್ಕಿಗೆ ತುಂಬುವುದು ಅತ್ತೆಯ ಕೆಲಸವಾಗಿದೆ.

ಈ ವರ್ಷ ಅಕ್ಕನ ಕೈಯಲ್ಲಿರುವುದು ದೊಡ್ಡ ತರಗತಿಯ ನಕಾಶೆ ಪುಸ್ತಕ. ಪರೀಕ್ಷೆಯಲ್ಲಿ ನಕಾಶೆಯ ಪ್ರಶ್ನೆ ಬಂದರೆ ಈ ಶಾಲೆಯ ಮಕ್ಕಳು ಇಷ್ಟು ದಿನ ಅದನ್ನು ಬಿಟ್ಟು, ಬದಲಿಗೆ ಕೊಟ್ಟ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಈ ಸಲ ಎಲ್ಲರ ಹಾಗೆ ನಕಾಶೆಗೇ ಉತ್ತರ ಹೇಳಲಿ ಎಂದು ಭೂಗೋಳದ ಟೀಚರ್ ಹಟ ಹಿಡಿದಿದ್ದಾರೆ. ಅವರಿಗೂ ಕಣ್ಣಿಲ್ಲ. ಚಿಕ್ಕವರಿದ್ದಾಗ ಅಜ್ಜನ ಮಗ್ಗುಲಲ್ಲೇ ಕೂತು ಬ್ರೈಲ್ ಕಲಿತವರು. ಬೆರಳೂ ಚುರುಕು, ನಾಲಿಗೆಯೂ ಚುರುಕು.

ಕೆಲವು ತಿಂಗಳ ಹಿಂದೆ ಒಂದು ದಿನ ಈ ಟೀಚರ್ ಹಾಳೆಯೊಂದನ್ನು ಬೀಸಿಕೊಳ್ಳುತ್ತ ಕೋಣೆಗೆ ಬಂದರು. ಅಜ್ಜ ಇನ್ನೂ ಬಂದಿರಲಿಲ್ಲ.

"ಅಕ್ಕಾ, ನಿಮ್ಮ ನದಿ ಬೆಟ್ಟ ಹತ್ತಿದೆ. ಮಕ್ಕಳೆಲ್ಲ ನಗ್ತಾ ಇದಾರೆ."

ಅಕ್ಕ ನೋಡಿದರು. ಕೆರೆಗೆ ಬಂದು ಮುಗಿಯಬೇಕಾದ ನದಿ ಅಲ್ಲಿ ಮುಗಿಯದೆ, ಪಕ್ಕದ ಬೆಟ್ಟದ ನೆತ್ತಿಗೆ ಹತ್ತಿ, ಅಲ್ಲಿ ಹುಟ್ಟುವ ಇನ್ನೊಂದು ನದಿಗೆ ಸೇರಿಕೊಂಡಿದೆ. ಏನಾಯಿತೆಂದು ತಕ್ಷಣ ಗೊತ್ತಾಯಿತು. ಮೊದಲ ನದಿ ಮುಗಿಸಿ ಅದರ ತುದಿ ಬಿಡದೆ ಎರಡನೆಯ ನದಿಯ ಚುಕ್ಕಿ ಇಟ್ಟಿದ್ದಾರೆ. ತುದಿ ಬಿಡದಿದ್ದರೆ ತಂತ್ರಾಂಶ ಅದೇ ಗೆರೆಯನ್ನು ಮುಂದುವರಿಸಿಕೊಂಡು ಹೋಗುತ್ತದೆ. ಕಿಕ್ಕಿರಿದ ಉಪನದಿಗಳ ನಡುವೆ ಆ ತುಂಡು ಗೆರೆ ಕಣ್ಣಿಗೆ ಇನ್ನೊಂದು ಉಪನದಿಯ ಹಾಗೆ ಕಂಡಿದೆ. ಇಂಥ ತಪ್ಪು ಈ ಕಸುಬಿನಲ್ಲಿ ಯಾರಿಗಾದರೂ ಆಗುವುದೇ. "ತುದಿ ಬಿಟ್ಟೆ" ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಶುರುವಾದದ್ದು ಆ ದಿನದಿಂದ.

ಅಕ್ಕ ಹೆದರಿದ್ದು ತಮ್ಮ ತಪ್ಪಿಗಲ್ಲ. ಹಾಳೆಯ ಮೂಲೆಯಲ್ಲಿ ಮೂರು ಚುಕ್ಕಿ ಇತ್ತು. ಅಜ್ಜ ಇದನ್ನು ಓದಿದ್ದಾರೆ. ಓದಿ, ಸರಿ ಎಂದಿದ್ದಾರೆ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಜ್ಜ ಒಂದೇ ಗೆರೆಯ ಮೇಲೆ ಎರಡು ಮೂರು ಸಲ ಬೆರಳಾಡಿಸುತ್ತಿದ್ದರು. ಯಾರೂ ಇಲ್ಲವೆಂದುಕೊಂಡು ಹಾಳೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಬಿಸಿಯಂತ್ರದಿಂದ ಆಗಷ್ಟೇ ಬಂದ ಹಾಳೆ ಮುಟ್ಟಿದಾಗೆಲ್ಲ "ಹಾಹಾ" ಎಂದು ಬೆರಳಿಗೆ ಊದಿಕೊಳ್ಳುತ್ತಿದ್ದವರು, ಒಂದು ದಿನ ಅದನ್ನು ಸುಮ್ಮನೆ ಹಿಡಿದು ಕೂತರು. ಅಜ್ಜನಿಗೆ ಸಕ್ಕರೆ ಕಾಯಿಲೆ ಇರುವುದು ಶಾಲೆಗೆಲ್ಲ ಗೊತ್ತು. ಅದು ಬೆರಳ ತುದಿಯವರೆಗೆ ಬಂದದ್ದು ಗೊತ್ತಿದ್ದದ್ದು ಅಜ್ಜನಿಗೆ ಮಾತ್ರ. ಈಗ ಅಕ್ಕನಿಗೂ ಗೊತ್ತಾಯಿತು.

ಹೇಳುವುದು ಹೇಗೆ? ಅಜ್ಜನಿಗೆ ಮನೆಯೆಂದರೆ ಶಾಲೆಯ ಆವರಣದ ಒಂದು ಕೋಣೆ, ಬದುಕೆಂದರೆ ಈ ಕುರ್ಚಿ. ಬೆರಳು ಹೋಯಿತೆಂದರೆ ಕುರ್ಚಿಯೂ ಹೋಗುತ್ತದೆ. ಅಕ್ಕ ತಮಗೆ ಗೊತ್ತಿರುವ ಒಂದೇ ಉಪಾಯ ಮಾಡಿದರು. ಅಜ್ಜನಿಗೆ ಕೊಡುವ ಹಾಳೆಗೆ ಕುಂಚದ ದಪ್ಪ ಏರಿಸಿದರು. ದಾರಿ ಅದೇ, ಕಪ್ಪು ಮಾತ್ರ ದಪ್ಪ. ಅಜ್ಜ ಚುಕ್ಕಿ ಚುಚ್ಚಿದ ಮೇಲೆ ಪರದೆಯಲ್ಲಿ ಆ ದಪ್ಪ ಕಪ್ಪನ್ನು ಅಳಿಸಿ, ಮಕ್ಕಳಿಗೆ ಸಣ್ಣ ಗೆರೆಯ ಬೇರೆ ಹಾಳೆ ತೆಗೆಯುತ್ತಿದ್ದರು.

ಅಜ್ಜ ಮೊದಲಿನ ಹಾಗಾದರು. ಗೆರೆಯ ಮೇಲೆ ಬೆರಳು ಸರಾಗವಾಗಿ ಓಡತೊಡಗಿತು. "ಕಾಗದ ಬೇರೆ ಕಡೆಯಿಂದ ತರಿಸಿದ್ರಾ? ಚೆನ್ನಾಗಿ ಉಬ್ಬುತ್ತೆ," ಎಂದರು ಒಮ್ಮೆ. "ಹೂಂ ಅಜ್ಜ," ಎಂದು ಅಕ್ಕ ಪರದೆಯ ಕಡೆ ತಿರುಗಿಕೊಂಡರು.

ಗುಟ್ಟು ರಟ್ಟಾದದ್ದು ಟೀಚರ್ ಬಾಯಿಂದ. ಯಾವುದೋ ಹಾಳೆ ಕೇಳಲು ಬಂದವರು ಅಜ್ಜನ ಮೇಜಿನ ಮೇಲೆ ಕೈಯಿಟ್ಟರು.

"ಅಯ್ಯೋ, ಇದೇನಜ್ಜ! ನಿಮ್ಮ ನದಿ ಹಗ್ಗದ ಹಾಗಿದೆ, ನಮಗೆ ಬರೋದು ದಾರದ ಹಾಗಿರುತ್ತೆ. ನಿಮಗೆ ಮಾತ್ರ ಸ್ಪೆಷಲ್ಲಾ?"

ಅಜ್ಜ ಹಾಳೆಯ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಟೀಚರಿಗೆ ತಾವು ಆಡಿದ ಮಾತು ಎಲ್ಲಿ ತಾಗಿತೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವಾಗಿಂದ ಅಮ್ಮಾ?" ಅಜ್ಜ ಅಕ್ಕನ ಕಡೆ ತಿರುಗಿದರು.

"ನದಿ ಬೆಟ್ಟ ಹತ್ತಿದ್ದು ಗೊತ್ತಾದಾಗಿಂದ."

"ಅದಕ್ಕೂ ನಾನು ಚುಕ್ಕಿ ಚುಚ್ಚಿದ್ನಾ?"

"ಹೂಂ."

ಅಜ್ಜ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಈಗಲೂ ಹೇಳುತ್ತಾರೆ. "ಕೈಗವಸು ಹಾಕ್ಕೊಂಡು ಮುಟ್ಟಿದ ಹಾಗಾಗುತ್ತೆ ಕಣಮ್ಮಾ. ಹೇಳಬೇಕು ಹೇಳಬೇಕು ಅಂತಾನೇ ದಿನ ತಳ್ಳಿದೆ. ಆಮೇಲೆ ಗೆರೆ ಚೆನ್ನಾಗಿ ಸಿಗೋಕೆ ಶುರುವಾಯ್ತು. ವಾಸಿಯಾಯ್ತೇನೋ ಅಂದ್ಕೊಂಡೆ." ಹಾಳೆಯನ್ನು ಅಕ್ಕನ ಕಡೆ ಸರಿಸಿ ಕೇಳಿದರು, "ನನ್ನ ಮನಸ್ಸು ನೋಯಬಾರದು ಅಂತ ಮಾಡಿದೆ, ಸರಿ. ಆದರೆ ನಾನು ಮುಟ್ಟಿದ ಹಾಳೆ ಬೇರೆ, ಮಕ್ಕಳ ಕೈಗೆ ಹೋದ ಹಾಳೆ ಬೇರೆ. ಹಾಗಾದರೆ ಮಕ್ಕಳ ಹಾಳೆ ಓದಿದ್ದು ಯಾರು?"

"ಯಾರೂ ಇಲ್ಲ ಅಜ್ಜ."

ಅಜ್ಜ ಕೋಲು ತಗೊಂಡು ಎದ್ದರು. ಯಾರನ್ನೂ ಜೊತೆಗೆ ಕರೆಯದೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಅಷ್ಟೂ ಹೊತ್ತು ಅಕ್ಕನಿಗೆ ಪರದೆಯ ಮೇಲೆ ಒಂದು ಚುಕ್ಕಿಯನ್ನೂ ಇಡಲಾಗಲಿಲ್ಲ. ಎಡಗೈ ಗುಮಾಸ್ತರು ಬಂದು ಬಾಗಿಲಲ್ಲಿ ನಿಂತವರು, ಒಳಗಿನ ಇಬ್ಬರನ್ನು ನೋಡಿ, "ನನಗೇನೂ ಅವಸರ ಇಲ್ಲಮ್ಮ," ಎಂದು ಹೊರಗೇ ಕೂತರು. ಕೊನೆಗೆ ಹಜಾರದಿಂದ ಟಕಟಕ ಕೇಳಿಸಿತು.

"ನಕಾಶೆ ಪುಸ್ತಕ ಮುಗಿಯೋವರೆಗೂ ಕುರ್ಚಿ ಇರುತ್ತಂತೆ. ಆಮೇಲಿಂದು ಆಮೇಲೆ ಅಂದ್ರು," ಎಂದ ಅಜ್ಜ ಟೀಚರ್ ಇದ್ದ ಕಡೆಗೆ ಮುಖ ತಿರುಗಿಸಿದರು. "ಬಾಯಿಗೆ ಬೀಗ ಇಲ್ಲದವಳೇ, ಬಾ ಇಲ್ಲಿ. ನಿನ್ನ ಬೆರಳು ಕೊಡು. ಮೊದಲನೇ ಹಾಳೆಯಿಂದ ಶುರು."

ಅಂದಿನಿಂದ ಈ ಕೋಣೆಯಲ್ಲಿ ಮೂರನೆಯ ಕುರ್ಚಿಯೊಂದಿದೆ. ಪ್ರಾರ್ಥನೆಯ ಗಂಟೆ ಬಾರಿಸುವವರೆಗೆ ಟೀಚರ್ ಮಕ್ಕಳ ಹಾಳೆಯ ಮೇಲೆ ಬೆರಳಾಡಿಸುತ್ತಾರೆ, ಅಜ್ಜ ಕೋಲಿನ ಮೇಲೆ ಗದ್ದ ಊರಿ ಪ್ರಶ್ನೆ ಕೇಳುತ್ತಾರೆ.

"ಎಲ್ಲಿದೀಯ?"

"ನದಿ ಮೇಲೆ."

"ಬಲಕ್ಕೆ ಏನು?"

"ಚುಕ್ಕಿ ಸಾಲು. ರೈಲು."

"ನದೀನ ಮುಟ್ಟುತ್ತಾ, ಬಿಟ್ಟು ದಾಟುತ್ತಾ?"

"ಬಿಟ್ಟು ದಾಟುತ್ತೆ. ಎರಡೂ ಕಡೆ ಸಂದಿದೆ."

"ಇನ್ನೊಂದು ಸಲ ನೋಡು. ಚಿಕ್ಕಂದಿನಿಂದ ನಿನಗೆ ಅವಸರದ ರೋಗ."

"ನಿಮಗೆ ಅನುಮಾನದ ರೋಗ ಅಜ್ಜ." ಟೀಚರ್ ಇನ್ನೊಂದು ಸಲ ಮುಟ್ಟುತ್ತಾರೆ. "ಅಕ್ಕಾ, ಎಡಗಡೆ ಸಂದು ಸಾಲದು. ಬೆರಳು ಹಾರುತ್ತೆ."

"ಹೇಳಲಿಲ್ವಾ?" ಎಂದು ಅಜ್ಜ ಹಿಗ್ಗುತ್ತಾರೆ.

ಹೀಗೆ ಹುಡುಕಿದ್ದರಲ್ಲಿ, ಅಜ್ಜ ಹಗ್ಗದ ಗೆರೆಯಲ್ಲಿ ಸರಿ ಎಂದಿದ್ದ ಹಾಳೆಗಳಿಂದಲೇ ಒಂದಷ್ಟು ತಪ್ಪು ಸಿಕ್ಕವು. ಒಂದು ಕಡೆ ರಸ್ತೆಯ ತುದಿ ಊರು ಮುಟ್ಟುವ ಮುನ್ನವೇ ನಿಂತಿತ್ತು. ಇನ್ನೊಂದು ಕಡೆ ಕರಾವಳಿಯೂ ರೈಲೂ ಒಂದಕ್ಕೊಂದು ತೀರ ಒತ್ತಾಗಿದ್ದವು. ಎಲ್ಲವನ್ನೂ ಅಕ್ಕ ತಿದ್ದಿದ್ದಾರೆ. ಮಣಿಕಟ್ಟಿನ ನೋವಿಗೆ ಪಟ್ಟಿ ಸುತ್ತಿಕೊಂಡೇ ಕೆಲಸ ಸಾಗುತ್ತದೆ. ಪುಸ್ತಕ ಮುಗಿಯಲು ಇನ್ನು ಕೆಲವೇ ಹಾಳೆ ಬಾಕಿ. ಬೇಗ ಮುಗಿಯಲಿ, ಪರೀಕ್ಷೆಗೆ ಮಕ್ಕಳ ಕೈಸೇರಲಿ ಎಂದೂ ಅನಿಸುತ್ತದೆ, ಮುಗಿದರೆ ಅಜ್ಜನ ಕುರ್ಚಿ ಏನಾಗುತ್ತದೋ ಎಂದೂ ಅನಿಸುತ್ತದೆ. "ಎರಡೂ ಒಟ್ಟಿಗೇ ಅನ್ಸುತ್ತೆ. ಅದಕ್ಕೇ ಅದರ ಬಗ್ಗೆ ಯೋಚನೆ ಮಾಡೋಲ್ಲ, ಚುಕ್ಕಿ ಇಡ್ತೀನಿ," ಎನ್ನುತ್ತಾರೆ ಅಕ್ಕ.

ನಿಮಗೇನು ಬೇಕು ಎಂದು ಕೇಳಿದರೆ, ತಮ್ಮದೇ ಆದೊಂದು ಕಂಪ್ಯೂಟರ್ ಎನ್ನುತ್ತಾರೇನೋ ಎಂದುಕೊಂಡರೆ ಅದಲ್ಲ. "ಪುಸ್ತಕ ಮುಗಿದ ಮೇಲೂ ಬೆಳಗ್ಗೆ ಯಾರಾದರೂ ಬಂದು, ಯಾವ ನದಿಗೆ ಬೀಗ ಹಾಕಿದೀಯ ಅಂತ ಕೇಳಬೇಕು. ಯಾರಾದರೂ ಅಲ್ಲ, ಅಜ್ಜಾನೇ ಕೇಳಬೇಕು."

ಇವತ್ತು ಅಕ್ಕ ಹೊಸ ಹಾಳೆಗೆ ಕೈಹಾಕುವ ಮುನ್ನ ಹಳೆಯದೊಂದನ್ನು ತೆರೆಯುತ್ತಾರೆ. ಹತ್ತು ವರ್ಷದ ಹಿಂದೆ ಬೀಗ ಬಿದ್ದಿದ್ದ, ಆಮೇಲೆ ಬೀಗ ತೆಗೆದು ಒಂಟಿ ಗೆರೆಯಾಗಿ ಎಳೆದ ಅದೇ ನದಿ. ಕಪ್ಪನ್ನು ಅಳಿಸಿ, ಇದ್ದುದರಲ್ಲೇ ದಪ್ಪ ಕುಂಚ ಆರಿಸಿ, ಎಳೆ ಎನ್ನುತ್ತಾರೆ. ಬಿಸಿಯಂತ್ರದಿಂದ ಹೊರಬಂದ ಹಾಳೆಯನ್ನು ಆರಲು ಬಿಟ್ಟು, ಅಜ್ಜನ ಮುಂದಿಡುತ್ತಾರೆ. ಅಜ್ಜನ ಬೆರಳು ಬೆಟ್ಟದ ತಲೆಯಿಂದ ಹೊರಡುತ್ತದೆ. ಮೊದಲ ಬಾಗು, ಎರಡನೇ ಬಾಗು, ಬಯಲು. ಅಲ್ಲಿ ಸ್ವಲ್ಪ ನಿಧಾನವಾಗಿ, ಮತ್ತೆ ಮುಂದಕ್ಕೆ. ಗೆರೆ ಮುಗಿದಲ್ಲಿ ಬೆರಳು ನಿಲ್ಲುತ್ತದೆ.

"ಸಮುದ್ರ," ಎನ್ನುತ್ತಾರೆ ಅಜ್ಜ.

ಟೀಚರ್ ಮೊಳೆಯನ್ನು ಹುಡುಕಿ ಅವರ ಕೈಗೆ ಕೊಡಲು ಹೋದರೆ ಅಜ್ಜ ತಲೆಯಾಡಿಸುತ್ತಾರೆ. "ಇದಕ್ಕೆ ಚುಕ್ಕಿ ಬೇಡ. ಇದು ತರಗತಿಗೆ ಹೋಗಲ್ಲ, ನಂದು." ಹಾಳೆಯನ್ನು ಮಡಚದೆ, ಎರಡು ರಟ್ಟಿನ ನಡುವೆ ಇಟ್ಟು ಚೀಲಕ್ಕೆ ಸೇರಿಸುತ್ತಾರೆ.

ಹೊರಗೆ ಗುಮಾಸ್ತರ ಕೆಮ್ಮು ಕೇಳಿಸುತ್ತದೆ. ಗೆರೆಯಕ್ಕನ ಪಾಲಿನ ಹೊತ್ತು ಮುಗಿಯಿತು. "ಅವತ್ತಿನ ದಾರೀನೇ ಅದು. ಒಂದು ಚುಕ್ಕೀನೂ ಕದಲಿಸಿಲ್ಲ," ಎಂದು ಅಕ್ಕ ಅಜ್ಜನಿಗೆ ಮೆಲ್ಲಗೆ ಹೇಳಿ, ಏಳುವ ಮುನ್ನ ಮೌಸನ್ನು ಎತ್ತಿ ಎಡಗಡೆಗೆ ಇಡುತ್ತಾರೆ.